ಅರಸನ ದುಡ್ಡು, ಪಿಯಾನೊ, ತಮಟೆ

ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯದ ಪಿಯಾನೊ ವಾದಕ, ಸಂಗೀತಕಾರ ನಿಕೊಲಾಯ್ ಮೆಟ್ನರ್. ಮೈಸೂರಿನ ಜಯಚಾಮರಾಜೇಂದ್ರ ಒಡೆಯರು 1940ರ ದಶಕದ ಕೊನೆಯಲ್ಲಿ ದುಡ್ಡು ಕೊಟ್ಟು, ಅವನ ಕೃತಿಗಳನ್ನು ಅವನಿಂದಲೇ ನುಡಿಸಿ ಗ್ರಾಮಫೋನ್ ತಟ್ಟೆಗಿಳಿಸಿದರು. ಬೀಥೋವನ್ ಬೆಳೆಸಿದ ಸೊನಾಟಾದ ಕಟ್ಟನ್ನು ಹೊಸಬರು ಕಳಚಿ ಎಸೆಯುತ್ತಿದ್ದಾಗ ಬಿಡದೆ ಹಿಡಿದವನು ಈತ.

ಗಾಯಕಿ ಮಾರ್ಗರೆಟ್ ರಿಚಿ ಜೊತೆಗಿನ ‘ಸೊನಾಟಾ ವೊಕಲೀಸ್’ ಕೇಳಿ. ಶುರುವಿನ ಪದ್ಯ ಬಿಟ್ಟರೆ ಅವಳಿಗೆ ಮಾತೇ ಇಲ್ಲ, ಬರೀ ಸ್ವರ. ಮುದುಕನ ಬೆರಳು ಆ ದನಿಯನ್ನು ಮೆಟ್ಟೋದಿಲ್ಲ, ಜೊತೆಗೆ ನಡೆಯುತ್ತದೆ.

ಇದು ದೊಡ್ಡ ಸಂಗೀತ. ಒಡೆಯರ ಕಿವಿಯನ್ನು ಹಳಿಯಲಾರೆ. ಆದರೆ ಅರಮನೆಯ ಖಜಾನೆ ತುಂಬಿಸಿದವರು ಯಾರು? ಕಂದಾಯ ಕಟ್ಟಿದ ರೈತ, ಕೋಲಾರದ ಚಿನ್ನದ ಗಣಿಗಿಳಿದ ದಲಿತ. ಅವರ ಕೇರಿಯ ತಮಟೆಗೆ ಯಾವ ಅರಸ ಹೀಗೆ ಕಿವಿಗೊಟ್ಟ?

ನಮ್ಮ ಅಟ್ಟೂರಿನಿಂದ ಬಡಗಣಕ್ಕೆ ಹೋದರೆ ಚಿಕ್ಕಬಳ್ಳಾಪುರ. ಆ ಸೀಮೆಯ ತಮಟೆಗಾರ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದದ್ದು 2023ರಲ್ಲಿ. ಬಿರುದು ಬಂದರೆ ಸಾಲದು. ತಮಟೆಗೂ ಕಟ್ಟಿದೆ, ಏರಿಳಿತವಿದೆ, ಹೊರಟಲ್ಲಿಗೆ ಮರಳುವ ದಾರಿಯಿದೆ. ಅದನ್ನು ಸಾವಿನ ಮನೆಯ ಸದ್ದು ಅನ್ನೋದು ಬಿಡಬೇಕು. ಬಡಿದವನ ಹೆಸರು ಬರೆದು, ಕೂಲಿ ಕೊಟ್ಟು ಮುದ್ರಿಸಿಕೊಳ್ಳಬೇಕು.

ಮೆಟ್ನರನನ್ನು ಕೇಳೋಣ ಗೆಳೆಯರೇ. ಅದೇ ಕಿವಿಯಿಂದ ತಮಟೆಯನ್ನೂ ಕೇಳೋಣ.