ಇಪ್ಪತ್ತು ನಿಮಿಷದ ಗಾಜಿನ ಕೊಳವೆ

ಹಾವು ಕಚ್ಚಿದವರಿಗೆ ಮಾಡುವ ಪರೀಕ್ಷೆಗಳಲ್ಲಿ ನಾನು ಅತಿ ಹೆಚ್ಚು ಮೆಚ್ಚುವುದಕ್ಕೆ ಯಂತ್ರವೂ ಬೇಡ, ಕರೆಂಟೂ ಬೇಡ. ಶುಭ್ರವಾದ, ಒಣಗಿದ ಗಾಜಿನ ಕೊಳವೆಗೆ ಸುಮಾರು 2 ಮಿ.ಲೀ. ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ಬಿಟ್ಟು, ಒಮ್ಮೆ ಓರೆ ಮಾಡಿ ನೋಡಿದರಾಯಿತು. ಹೆಪ್ಪುಗಟ್ಟದೆ ಹರಿದರೆ, ನಮ್ಮ ಕಡೆ ಅದು ಹೆಚ್ಚಾಗಿ ಕೊಳಕುಮಂಡಲದ ವಿಷ, ಪ್ರತಿವಿಷಕ್ಕೆ ತಡಮಾಡುವಂತಿಲ್ಲ. ಕೊಳವೆ ಗಾಜಿನದೇ ಆಗಬೇಕು. ಗಾಜಿನ ಮೈ ತಾಗಿದಾಗಲೇ ಹೆಪ್ಪುಗಟ್ಟುವ ಕ್ರಿಯೆ ಚುರುಕಾಗುವುದು. ಪ್ಲಾಸ್ಟಿಕ್ಕಾದರೆ, ಸೋಪುಪುಡಿಯಲ್ಲಿ ತೊಳೆದದ್ದಾದರೆ, ಫಲಿತಾಂಶ ನಂಬುವಂತಿಲ್ಲ. ನಾಗರ, ಕಟ್ಟುಹಾವುಗಳ ವಿಷ ನರಗಳಿಗೆ ಏರುವಂಥದ್ದು; ಅಲ್ಲಿ ರೋಗಿಯ ರೆಪ್ಪೆ ಜೋಲುತ್ತಿದೆಯೇ, ಉಸಿರು ಸೋಲುತ್ತಿದೆಯೇ ಎಂದು ನೋಡುತ್ತಿರಬೇಕು. ಮಂಡಲದ ಕಡಿತಕ್ಕೆ ಪ್ರತಿವಿಷ ಕೊಟ್ಟು 6 ಗಂಟೆಯಾದ ಮೇಲೆ ಮತ್ತೆ ಇದೇ ಪರೀಕ್ಷೆ: ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಹೊಸದಾಗಿ ತಯಾರಿಸಲು ಅಷ್ಟು ಹೊತ್ತು ಬೇಕು.