ರಾಘವರಿಗೆ ದಕ್ಕದ ಮೂಕಿ ಪರದೆ

ವಿಯೆನ್ನಾದ ಮೂಕಿ ಚಿತ್ರಗಳ ಮಾತು ಬಂದಾಗಲೆಲ್ಲ ಸಾಶಾ ಕಂಪನಿಯು ಲಾಯರ್‌ಬರ್ಗ್ ಗುಡ್ಡದ ಮೇಲೆ ಸಾವಿರಾರು ಜನರನ್ನು ಕೂಡಿಹಾಕಿ ತೆಗೆದ 1922ರ ‘ಸೊಡೊಮ್ ಉಂಡ್ ಗೊಮೊರ್ರಾ’ ಚಿತ್ರವನ್ನೇ ಹೊಗಳುವುದು ರೂಢಿ. ಆದರೆ ಅದಕ್ಕಿಂತ ಹೆಚ್ಚು ಕಾಲ ಮನಸ್ಸಿನಲ್ಲಿ ಉಳಿಯುವುದು, ಹೂಗೊ ಬೆಟ್ಟಾವರ್‌ನ ಕಾದಂಬರಿಯನ್ನು ಆಧರಿಸಿ ಬ್ರೆಸ್ಲಾವರ್ 1924ರಲ್ಲಿ ನಿರ್ದೇಶಿಸಿದ ‘ಯಹೂದಿಗಳಿಲ್ಲದ ನಗರ’. ಯಹೂದಿಗಳನ್ನು ಊರು ಬಿಡಿಸಬೇಕೆಂದು ಹಟ ಹಿಡಿದ ಜನಪ್ರತಿನಿಧಿ ಬರ್ನಾರ್ಟ್ ಕೊನೆಗೆ ಕುಡಿದ ಅಮಲಿನಲ್ಲಿ ಹುಚ್ಚಾಸ್ಪತ್ರೆ ಸೇರುತ್ತಾನೆ. ಆ ಕೋಣೆಯ ಗೋಡೆಗಳೆಲ್ಲ ಓರೆಕೋರೆ, ಮೂಲೆಗಳೆಲ್ಲ ಚೂಪು, ಕಣ್ಣು ಹಾಯಿಸಿದಲ್ಲೆಲ್ಲ ಯಹೂದಿಗಳ ಆರು ಮೂಲೆಯ ನಕ್ಷತ್ರ. ಅವುಗಳ ನಡುವೆ ಸಿಕ್ಕಿಬಿದ್ದವನ ಭಯವನ್ನು ಹಾನ್ಸ್ ಮೋಸರ್ ಎಂಬ ನಟ ಒಂದು ಮಾತಿನ ನೆರವೂ ಇಲ್ಲದೆ ಮುಖ ಮತ್ತು ಮೈಯಿಂದಲೇ ತೋರಿಸುತ್ತಾನೆ. ಮುಂದೆ ಇದೇ ಮೋಸರ್ ವಾಕ್ಚಿತ್ರಗಳಲ್ಲಿ ಅರ್ಧ ನುಂಗಿ ಅರ್ಧ ಗೊಣಗುವ ಮಾತಿನ ಧಾಟಿಗಾಗಿಯೇ ಆಸ್ಟ್ರಿಯದ ಮನೆಮಾತಾದ.

ಮೋಸರ್ ಹುಟ್ಟಿದ್ದು 1880ರ ಆಗಸ್ಟ್ 6ರಂದು. ಅದಕ್ಕೆ ಸರಿಯಾಗಿ ನಾಲ್ಕು ದಿನ ಮೊದಲು, ಆಗಸ್ಟ್ 2ರಂದು, ತಾಡಪತ್ರಿಯಲ್ಲಿ ಹುಟ್ಟಿದವರು ರಂಗನಟ ಬಳ್ಳಾರಿ ರಾಘವ. ಈ ವಾರ ಬರೆಯಬೇಕೆಂದುಕೊಂಡದ್ದು ವಿಯೆನ್ನಾದ ಕುರಿತಾದರೂ, ತಾರೀಖುಗಳು ಹೀಗೆ ಮಗ್ಗುಲಲ್ಲಿ ಬಂದು ಕುಳಿತ ಮೇಲೆ ರಾಘವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರಿ ಕರ್ನೂಲು ಜಿಲ್ಲೆಯ ಪಾಲಾಗುವವರೆಗೂ ಬಳ್ಳಾರಿ ಜಿಲ್ಲೆಯವೇ ಆಗಿದ್ದುದರಿಂದ, ಹತ್ತಿ ಮಾರುಕಟ್ಟೆಯ ಆ ಸೀಮೆಗೆ ರಾಘವರು ಸ್ವಂತ ಜಿಲ್ಲೆಯ ನಟ. ವೃತ್ತಿಯಿಂದ ವಕೀಲರಾಗಿದ್ದ ಅವರು ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಪಾತ್ರ ಮಾಡಿದರು. ಕೋಲಾಚಲಂ ಶ್ರೀನಿವಾಸರಾಯರ ವಿಜಯನಗರ ಪತನದ ನಾಟಕದಲ್ಲಿ ಅವರ ಪಠಾಣ್ ರುಸ್ತುಂ ಹೆಸರಾದ ಪಾತ್ರ. ಬಳ್ಳಾರಿಯ ಇನ್ನೊಬ್ಬ ವಕೀಲ, ರಾಘವರ ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರು ತೆಲುಗು ರಂಗಕ್ಕೆ ತಂದ ರಾಗಬದ್ಧ ಪದ್ಯ, ಅನುಕರಿಸುವವರ ಕೈಗೆ ಸಿಕ್ಕು, ‘ಪದ್ಯನಾಟಕ’ವೆಂಬ ಬೇರೆಯೇ ಜಾತಿಯಾಗಿ ಬೆಳೆಯಿತು; ಅಂದರೆ ಮಾತು ನೆಪ, ಪದ್ಯದ ಕೊನೆಯಲ್ಲಿ ಎಳೆಯುವ ರಾಗವೇ ಆಟ. ಗಡಿಯ ಈಚೆಯ ಕನ್ನಡ ಕಂಪನಿಗಳೂ ಇದರಲ್ಲಿ ಹಿಂದೆ ಬೀಳಲಿಲ್ಲ. ಸತ್ತು ಬಿದ್ದ ಪಾತ್ರ ‘ಒನ್ಸ್ ಮೋರ್’ ಕೂಗಿಗೆ ಎದ್ದು, ಕಾಲುಪೆಟ್ಟಿಗೆಯ ಮಾಸ್ತರನಿಗೆ ಕಣ್ಣಲ್ಲೇ ಶ್ರುತಿ ಕೇಳಿ, ಹಾಡಿ, ಮತ್ತೊಮ್ಮೆ ಸಾಯುವುದನ್ನು ರಂಗಭೂಮಿಯ ಸುವರ್ಣಯುಗವೆಂದು ಇಂದಿಗೂ ಕಣ್ಣೊರೆಸಿಕೊಳ್ಳುವವರಿದ್ದಾರೆ. ಅದು ಸಂಗೀತದ ಸುವರ್ಣಯುಗವಾಗಿದ್ದರೆ ಇರಲಿ, ನಟನೆಯದಂತೂ ಅಲ್ಲ. ರಾಘವರು ಪದ್ಯವನ್ನು ಮೊಟಕುಗೊಳಿಸಿ, ಭಾವವನ್ನು ಕಣ್ಣು, ಮುಖ, ನಿಲುವುಗಳಿಗೆ ಒಪ್ಪಿಸಿದರು. ಸ್ತ್ರೀ ಪಾತ್ರವನ್ನು ಸ್ತ್ರೀಯರೇ ಮಾಡಬೇಕೆಂದು ವಾದಿಸಿ, ಹಾಗೆಯೇ ನಡೆದುಕೊಂಡರು.

ಇಂಥ ನಟನಿಗೆ ತಕ್ಕ ಮಾಧ್ಯಮವೆಂದರೆ ಮೂಕಿ ಚಿತ್ರ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಪೇಟೆಯಲ್ಲಿ ಉರ್ದು ಆಡುವ ಆದೋನಿಯಂಥ ಊರಿಗೂ ಅದೇ ತಕ್ಕದ್ದು, ಏಕೆಂದರೆ ಪರದೆಯ ಪಕ್ಕ ನಿಂತು ಕಥೆ ಹೇಳುವ ವ್ಯಾಖ್ಯಾನಕಾರನೊಬ್ಬನಿದ್ದರೆ ಒಂದೇ ಚಿತ್ರ ಎಲ್ಲರದೂ ಆಗುತ್ತಿತ್ತು. 1932ರ ‘ಭಕ್ತ ಪ್ರಹ್ಲಾದ’ ತೆಲುಗಿನಲ್ಲಿ, 1934ರ ‘ಸತಿ ಸುಲೋಚನಾ’ ಕನ್ನಡದಲ್ಲಿ ಮಾತಾಡತೊಡಗಿದಾಗ, ರಾಜ್ಯಗಳ ಗಡಿ ಬೀಳುವುದಕ್ಕೆ ಎರಡು ದಶಕ ಮೊದಲೇ ಪ್ರೇಕ್ಷಕರ ನಡುವೆ ಗಡಿ ಬಿತ್ತು. ಸುಲೋಚನೆಯನ್ನು ನಿರ್ದೇಶಿಸಿದ ವೈ.ವಿ. ರಾವ್ ತೆಲುಗಿನವರು, ಅದಕ್ಕೂ ಮೊದಲು ಗುಬ್ಬಿ ವೀರಣ್ಣನವರಿಗಾಗಿ ‘ಹರಿಮಾಯಾ’ ಎಂಬ ಮೂಕಿಯನ್ನು ತೆಗೆದವರು ಎಂಬುದನ್ನು ನೆನೆದರೆ, ಮೂಕಿಯ ಕಾಲದಲ್ಲಿ ಈ ಓಡಾಟ ಎಷ್ಟು ಸಲೀಸಾಗಿತ್ತೆಂದು ತಿಳಿಯುತ್ತದೆ.

ರಾಘವರು ಕ್ಯಾಮೆರಾದ ಮುಂದೆ ನಿಂತದ್ದು 1936ರಲ್ಲಿ, 56ರ ಹೊಸ್ತಿಲಲ್ಲಿ, ‘ದ್ರೌಪದೀ ಮಾನಸಂರಕ್ಷಣಂ’ ಚಿತ್ರದ ದುರ್ಯೋಧನನಾಗಿ. ಅಷ್ಟರಲ್ಲಿ ವಾಕ್ಚಿತ್ರವೆಂದರೆ ಕಂಪನಿ ನಾಟಕದ ಹಾಡುಗಳನ್ನೇ ಹೊತ್ತು ತಂದ ಪೆಟ್ಟಿಗೆಯಾಗಿತ್ತು. ಅದೇ ವರ್ಷ ಅದೇ ಕಥೆಯ ‘ದ್ರೌಪದೀ ವಸ್ತ್ರಾಪಹರಣಂ’ ಎದುರು ನಿಂತು ಗೆದ್ದಿತು, ರಾಘವರ ಚಿತ್ರ ಸೋತಿತು. ರಂಗದ ಮೇಲೆ ಅವರು ಹಿಮ್ಮೆಟ್ಟಿಸಿದ್ದ ಪದ್ಯಪಕ್ಷಕ್ಕೆ ಪರದೆ ಹೀಗೆ ಬಿಟ್ಟಿ ಗೆಲುವು ಕೊಟ್ಟಿತು. ಆಮೇಲೆ ಬಂದದ್ದು ಎರಡೇ: ಗೂಡವಲ್ಲಿ ರಾಮಬ್ರಹ್ಮಂ ಅವರ ‘ರೈತುಬಿಡ್ಡ’ (1939), ‘ಚಂಡಿಕಾ’ (1940). ಜಮೀನ್ದಾರರ ಕಣ್ಣು ಕೆಂಪಾಗಿಸಿದ ‘ರೈತುಬಿಡ್ಡ’ದಲ್ಲಿ ಕಿರೀಟವಿಲ್ಲ, ಗದೆಯಿಲ್ಲ, ಬರೀ ರೈತ. ಮೂರರಲ್ಲಿ ಅವರ ಅಳತೆಗೆ ಹೊಂದಿದ ಪಾತ್ರವೆಂದರೆ ಇದೊಂದೇ. ಪುರಾಣದ ಪೋಷಾಕಿಗೆ ಬದಲಾಗಿ ಇಂಥ ಪಾತ್ರವನ್ನೇ ಮೊದಲು ಕೊಡುವ ನಿರ್ಮಾಪಕ ಮದ್ರಾಸಿನಲ್ಲಿ 1936ಕ್ಕೆ ಹತ್ತು ವರ್ಷ ಮೊದಲೇ ಇದ್ದಿದ್ದರೆ, ವಿಯೆನ್ನಾದವರು ಮೋಸರ್‌ನ ಹುಚ್ಚಾಸ್ಪತ್ರೆಯ ದೃಶ್ಯವನ್ನು ತೋರಿಸಿದಾಗ ಎದುರಿಗಿಡಲು ಬಳ್ಳಾರಿಯವರ ಬಳಿಯೂ ಒಂದು ರೀಲು ಇರುತ್ತಿತ್ತು.