ವಾಳೂಜಿನಲ್ಲಿ ಮೈಸೂರಿನ ಯೆಜ್ಡಿ

ಛತ್ರಪತಿ ಸಂಭಾಜಿನಗರದ ಪಕ್ಕದ ವಾಳೂಜ್ ಬಜಾಜ್ ಕಾರ್ಖಾನೆಯ ಊರು. ಹೊಸ ಬೈಕು ಹುಟ್ಟುವ ಇಂಥ ಕಡೆ ಮೈಸೂರಿನ ಹಳೆಯ ಯೆಜ್ಡಿಗೆ ದುಡ್ಡು ಸುರಿಯಬೇಕೆ? ಸುರಿಯಬೇಕು ಎನ್ನುವವನು ನಾನು. ಯೆಜ್ಡಿ ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಂಪನಿ 1996ರಲ್ಲಿ ಬಾಗಿಲು ಹಾಕಿತು, ನಿಜ. ಆದರೆ ಆ 250 ಸಿಸಿ ಟೂ-ಸ್ಟ್ರೋಕ್ ಗಾಡಿಯ ಜಾಣತನ ನೋಡಿ: ಕಿಕ್ಕರ್, ಗೇರ್ ಎರಡಕ್ಕೂ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆತ್ತಿದರೆ ಕಿಕ್ಕರ್, ಮುಂದಕ್ಕೆ ಬಿಟ್ಟರೆ ಗೇರ್. ಸಿಲಿಂಡರ್ ರೀಬೋರ್ ಮಾಡಿಸಿ, ಕ್ರ್ಯಾಂಕ್ ಬೇರಿಂಗ್ ಬದಲಿಸಿದರೆ ಸತ್ತ ಎಂಜಿನ್ನೂ ಏಳುತ್ತದೆ. (ಜೋಡಿ ಸೈಲೆನ್ಸರ್‌ಗಳ ಆ ಸದ್ದಿಗೆ ಬೆಲೆ ಕಟ್ಟುವವರಾರು!) ನಾಸಿಕ್‌ಗೆ ಪದೇ ಪದೇ ಹೆದ್ದಾರಿಯಲ್ಲಿ ಓಡಾಡುವವರು ಮಾತ್ರ ಹೊಸದನ್ನೇ ಕೊಳ್ಳಲಿ, ಡಿಸ್ಕ್ ಬ್ರೇಕ್, ಎಬಿಎಸ್ ಬೇಕೇ ಬೇಕು. ಹಳೆಯದಕ್ಕೆ ಕೈಹಾಕುವ ಮುನ್ನ ಎಂಜಿನ್, ಚಾಸಿ ನಂಬರುಗಳನ್ನು ಆರ್‌ಸಿಯೊಂದಿಗೆ ತಾಳೆ ನೋಡಿ. ತಾಳೆಯಾಗದಿದ್ದರೆ ಮುಟ್ಟಬೇಡಿ.